ಪ್ರಶ್ನೋತ್ತರ: ಹಿಮ ಬೀಳುವ ಮುನ್ನ ಮನೆ, ಕಾರು

ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದಾಗ ಮನೆ, ಕಾರು ಕೈಕೊಡದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿದ್ದೇವೆ. ಉಷ್ಣಾಂಶಗಳೆಲ್ಲ ಸೆಲ್ಸಿಯಸ್ ಲೆಕ್ಕದವು.

ಪ್ರಶ್ನೆ: ಬೇಸಿಗೆಯಿಡೀ ತಕರಾರಿಲ್ಲದ ಕಾರಿನ ಬ್ಯಾಟರಿ ಮೊದಲ ದೊಡ್ಡ ಚಳಿಯ ಬೆಳಿಗ್ಗೆಯೇ ಸತ್ತಿರುತ್ತದೆ. ಈಗಿರುವುದಕ್ಕೆ ನಾಲ್ಕು ವರ್ಷ. ಮೊದಲೇ ಗೊತ್ತುಮಾಡಿಕೊಳ್ಳಲು ದಾರಿ ಇದೆಯೇ?

ಉತ್ತರ: ಬ್ಯಾಟರಿ ಕೆಡುವುದು ಬೇಸಿಗೆಯಲ್ಲಿ, ಬಣ್ಣ ಬಯಲಾಗುವುದು ಚಳಿಗಾಲದಲ್ಲಿ. ಬಾನೆಟ್ ಕೆಳಗಿನ ಬಿಸಿಗೆ ಒಳಗಿನ ಪ್ಲೇಟುಗಳು ಸವೆದಿರುತ್ತವೆ. ಸೆಕೆಯ ದಿನಗಳಲ್ಲಿ ಎಂಜಿನ್ ಸುಲಭವಾಗಿ ತಿರುಗುವುದರಿಂದ ಅದು ಗೊತ್ತಾಗುವುದಿಲ್ಲ. ಸೀಸ-ಆಮ್ಲದ ಬ್ಯಾಟರಿ ಸೊನ್ನೆ ಡಿಗ್ರಿಯಲ್ಲಿ ತನ್ನ ಶಕ್ತಿಯ ಸುಮಾರು ಮೂರನೇ ಒಂದು ಪಾಲನ್ನೂ ಮೈನಸ್ 18ರಲ್ಲಿ ಅರ್ಧಕ್ಕಿಂತ ಹೆಚ್ಚನ್ನೂ ಕಳೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟರ್ ಮೋಟರ್ ಹೆಚ್ಚು ಕರೆಂಟ್ ಕೇಳುತ್ತದೆ. ಕೊಡುವ ಕೈ ಸಣ್ಣದಾಗುವಾಗಲೇ ಕೇಳುವ ಕೈ ದೊಡ್ಡದಾಗುತ್ತದೆ.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಕಾರು ರಾತ್ರಿಯಿಡೀ ನಿಂತ ಮೇಲೆ, ಬಾಗಿಲು ತೆಗೆದು ದೀಪ ಹತ್ತುವ ಮೊದಲು ಅಳೆಯಿರಿ. 12.6 ವೋಲ್ಟ್ ಅಥವಾ ಹೆಚ್ಚಿದ್ದರೆ ಪೂರ್ತಿ ಚಾರ್ಜ್ ಇದೆ, 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ. ಇನ್ನೊಬ್ಬರು ಕೀ ತಿರುಗಿಸುವಾಗ ಮೀಟರ್ ನೋಡುತ್ತಿರಿ. ಆ ಎರಡು ಸೆಕೆಂಡಿನಲ್ಲಿ ಮುಳ್ಳು 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ನಿತ್ರಾಣವಾಗಿದೆ, ನಿಂತಾಗ ಎಷ್ಟೇ ತೋರಿಸಲಿ. ನಾಲ್ಕು ವರ್ಷ ತುಂಬಿ ಈ ಪರೀಕ್ಷೆಯಲ್ಲೂ ಸೋತರೆ ಬದಲಿಸಿಬಿಡಿ, ಇನ್ನೊಂದು ಚಳಿಗಾಲ ನೋಡೋಣ ಎನ್ನಬೇಡಿ.

ಬ್ಯಾಟರಿ ಚೆನ್ನಾಗಿದ್ದೂ ಕಾರು ಗೊಣಗುತ್ತಿದ್ದರೆ ಟರ್ಮಿನಲ್ ನೋಡಿ. ಬಿಳಿ ಇಲ್ಲವೇ ನೀಲಿ-ಹಸಿರು ಪುಡಿ ಕೂತಿದ್ದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಹಳೆಯ ಬ್ರಷ್‌ನಲ್ಲಿ ಉಜ್ಜಿ, ಒರೆಸಿ. ಬಿಚ್ಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುತ್ತಿರುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಕಿಡಿ ಹಾರಬಾರದು ಎಂಬುದೇ ಈ ಕ್ರಮದ ಉದ್ದೇಶ.

ಪ್ರಶ್ನೆ: ಇನ್ನೊಂದು ಕಾರಿನ ಬ್ಯಾಟರಿಯಿಂದ ಕರೆಂಟ್ ತರುವ ಜಂಪ್ ಕೇಬಲ್ ಹಾಕುವ ಕ್ರಮ ಪ್ರತಿ ಸಲ ಮರೆತುಹೋಗುತ್ತದೆ. ಕೊನೆಯ ಕ್ಲಿಪ್ಪನ್ನು ಬ್ಯಾಟರಿಗೆ ಹಾಕಬಾರದು ಎನ್ನುತ್ತಾರೆ, ಏಕೆ?

ಉತ್ತರ: ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಸತ್ತ ಕಾರಿನ ಎಂಜಿನ್ ಮೇಲಿನ ಬಣ್ಣವಿಲ್ಲದ ಲೋಹಕ್ಕೆ. ಕೊನೆಯ ಕ್ಲಿಪ್ ತಾಗುವಾಗ ಕಿಡಿ ಹಾರುವುದು ಖಂಡಿತ. ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರಬಹುದು. ಇವೆರಡೂ ಒಂದೇ ಜಾಗದಲ್ಲಿ ಸೇರಬಾರದು, ಅಷ್ಟೆ. ಸಹಾಯಕ್ಕೆ ಬಂದ ಕಾರು ನಾಲ್ಕೈದು ನಿಮಿಷ ಓಡಲಿ, ಆಮೇಲೆ ನಿಮ್ಮದನ್ನು ಸ್ಟಾರ್ಟ್ ಮಾಡಿ. ಬಿಚ್ಚುವುದು ಪೂರ್ತಿ ಉಲ್ಟಾ ಕ್ರಮದಲ್ಲಿ.

ಕೇಬಲ್ ಹಚ್ಚುವ ಮೊದಲು ಬ್ಯಾಟರಿಯ ಮೈಯನ್ನು ಒಮ್ಮೆ ನೋಡಿ. ಚಾರ್ಜ್ ಇಳಿದಂತೆ ಒಳಗಿನ ಆಮ್ಲ ತೆಳುವಾಗಿ ನೀರಿನಂತಾಗುತ್ತದೆ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ಮೈನಸ್ 50ಕ್ಕೂ ಹೆಪ್ಪುಗಟ್ಟದು. ಪೂರ್ತಿ ಇಳಿದದ್ದು ಮೈನಸ್ 10ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಪಕ್ಕಗಳು ಉಬ್ಬಿದ್ದರೆ, ಬಿರುಕು ಕಂಡರೆ ಜಂಪ್ ಕೊಡಬೇಡಿ, ಒಡೆದು ಸಿಡಿಯಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ಕೂಲೆಂಟ್ (ಎಂಜಿನ್ ತಂಪಿಡುವ ದ್ರವ) ಕಡಿಮೆಯಾದಾಗಲೆಲ್ಲ ಬರೀ ನೀರು ತುಂಬಿದ್ದೇನೆ. ಈಗ ಅದನ್ನೆಲ್ಲ ಹೊರಗೆ ಚೆಲ್ಲಿ ಅಪ್ಪಟ ಕೂಲೆಂಟ್ ತುಂಬಿಸಿದರೆ ಒಳ್ಳೆಯದಲ್ಲವೇ?

ಉತ್ತರ: ಅಪ್ಪಟ ತುಂಬುವುದೂ ತಪ್ಪೇ. ಕೂಲೆಂಟಿನ ಮುಖ್ಯ ವಸ್ತುವಾದ ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧಕ್ಕರ್ಧ ಸೇರಿದಾಗ ಮೈನಸ್ 37ರ ತನಕ ಹೆಪ್ಪುಗಟ್ಟುವುದಿಲ್ಲ. ನೀರೇ ಸೇರಿಸದ ಗ್ಲೈಕಾಲ್ ಮೈನಸ್ 13ರ ಹೊತ್ತಿಗೆ ಗಟ್ಟಿಯಾಗತೊಡಗುತ್ತದೆ, ಬಿಸಿಯನ್ನೂ ಸರಿಯಾಗಿ ಸಾಗಿಸುವುದಿಲ್ಲ. ತೀರಾ ಚಳಿಯ ಜಾಗಗಳಿಗೆ ಕೂಲೆಂಟ್ 60, ನೀರು 40 ಪಾಲು ಮಾಡಬಹುದು; ಅದರಾಚೆ ಲಾಭ ಕಡಿಮೆ.

ಈಗಿರುವ ಮಿಶ್ರಣ ಎಷ್ಟು ತೆಳುವಾಗಿದೆ ಎಂಬುದನ್ನು ಬಣ್ಣ ನೋಡಿ ಹೇಳಲಾಗದು. ಮಿಶ್ರಣದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿಗೆ ಸ್ವಲ್ಪ ಎಳೆದು, ಇಲ್ಲವೇ ರಿಫ್ರಾಕ್ಟೋಮೀಟರ್‌ನಲ್ಲಿ ಒಂದು ಹನಿ ಹಾಕಿ ನೋಡಿ. ಆರು ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಕೂಲೆಂಟ್ ಕಾಲು ಪಾಲಿಗೆ ಇಳಿದಿದೆ ಎಂದಿಟ್ಟುಕೊಳ್ಳಿ: ಎರಡು ಲೀಟರ್ ಹೊರಗೆ ಬಿಟ್ಟು, ಆ ಜಾಗಕ್ಕೆ ನೀರು ಬೆರೆಸದ ಕೂಲೆಂಟ್ ಎರಡು ಲೀಟರ್ ಸೇರಿಸಿದರೆ ಅರ್ಧಕ್ಕರ್ಧ ಸರಿಹೋಗುತ್ತದೆ. ಆಮೇಲೆ ಹೀಟರ್ ಪೂರ್ತಿ ತೆರೆದು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ಕೂಲೆಂಟಿಗೆ ದಾರಿ ಬಿಡುವ ವಾಲ್ವ್) ತೆರೆದುಕೊಳ್ಳುವವರೆಗೆ ಎಂಜಿನ್ ಓಡಿಸಿ. ಇಲ್ಲದಿದ್ದರೆ ಹೊಸದು ಮೇಲೇ ಉಳಿದು ಎಂಜಿನ್ ಬ್ಲಾಕಿನಲ್ಲಿ ತೆಳು ನೀರೇ ಇರುತ್ತದೆ. ಕಾರಿನ ಕೈಪಿಡಿ ಹೇಳಿದ ಬಗೆಯನ್ನೇ ತನ್ನಿ, ನೀರು ಬೇಕಾದರೆ ಡಿಸ್ಟಿಲ್ಡ್ ವಾಟರ್. ರೇಡಿಯೇಟರ್ ಮುಚ್ಚಳ ಬಿಸಿಯಿರುವಾಗ ಮುಟ್ಟಬೇಡಿ. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿ: ಗ್ಲೈಕಾಲ್ ಸಿಹಿ, ನಾಯಿ ಬೆಕ್ಕು ನೆಕ್ಕುತ್ತವೆ, ಸ್ವಲ್ಪವೇ ಸಾಕು ಪ್ರಾಣಕ್ಕೆ.

ಅಂದಹಾಗೆ ಗಾಜು ತೊಳೆಯುವ ನೀರಿನ ಟ್ಯಾಂಕನ್ನು ಎಲ್ಲರೂ ಮರೆಯುತ್ತಾರೆ. ಬೇಸಿಗೆಯ ನೀರು ಅಲ್ಲೇ ಹೆಪ್ಪುಗಟ್ಟಿ ಪಂಪ್ ಒಡೆಯುತ್ತದೆ. ಮೈನಸ್ 30ಕ್ಕೆ ತಾಳುವ ವಾಷರ್ ದ್ರವ ತುಂಬಿ, ಎರಡು ಸಲ ಚಿಮ್ಮಿಸಿ, ಪೈಪಿನಲ್ಲಿರುವ ಹಳೆಯ ನೀರನ್ನೂ ಹೊರಹಾಕಿ.

ಪ್ರಶ್ನೆ: ಚಳಿಗಾಲದ ಟೈರ್ ನಾಲ್ಕೂ ಬೇಕೇ, ಎಂಜಿನ್ ತಿರುಗಿಸುವ ಎರಡು ಚಕ್ರಕ್ಕೆ ಹಾಕಿದರೆ ಸಾಲದೇ?

ಉತ್ತರ: ಸಾಲದು. ಮುಂದಿನ ಚಕ್ರ ಎಳೆಯುವ ಕಾರಿಗೆ ಮುಂದೆ ಮಾತ್ರ ಹಾಕಿದರೆ ಹೊರಡುವುದು ಸುಲಭವಾಗುತ್ತದೆ, ತಿರುವಿನಲ್ಲಿ ಬ್ರೇಕ್ ತುಳಿದಾಗ ಮುಂಭಾಗ ಹಿಡಿದು ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಸಾಮಾನ್ಯ ಟೈರಿನ ರಬ್ಬರ್ 7 ಡಿಗ್ರಿಯ ಕೆಳಗೆ ಬಿರುಸಾಗತೊಡಗುತ್ತದೆ. ಆದ್ದರಿಂದ ಹಿಮ ಬೀಳುವ ತನಕ ಕಾಯಬೇಕಿಲ್ಲ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತು ಹುಡುಕಿ. ಬರೀ ‘ಎಂ+ಎಸ್’ (ಕೆಸರು ಮತ್ತು ಹಿಮ) ಎಂದಿದ್ದರೆ ಹಿಮದ ಮೇಲೆ ಪರೀಕ್ಷೆಯಾದದ್ದು ಎಂದರ್ಥವಲ್ಲ. ಟೈರಿನ ತೋಡಿನ ಆಳ 4 ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಹಿಮದಲ್ಲಿ ಹಿಡಿತ ಬೇಗ ಕುಸಿಯುತ್ತದೆ, ಕಾನೂನು ಅದಕ್ಕಿಂತ ಸವೆದದ್ದನ್ನು ಒಪ್ಪಿದರೂ.

ಗಾಳಿಯ ಒತ್ತಡ ಪ್ರತಿ 5.5 ಡಿಗ್ರಿ ಇಳಿತಕ್ಕೆ ಸುಮಾರು 1 ಪಿಎಸ್‌ಐ ಕಡಿಮೆಯಾಗುತ್ತದೆ. 25 ಡಿಗ್ರಿಯಲ್ಲಿ 33 ತುಂಬಿಸಿದ್ದು ಮೈನಸ್ 8ರ ಬೆಳಿಗ್ಗೆ 27 ಆಗಿರುತ್ತದೆ. ಡ್ಯಾಶ್‌ಬೋರ್ಡಿನ ಹಳದಿ ದೀಪ ಪಂಕ್ಚರ್ ಅಲ್ಲದಿರಬಹುದು. ಕಾರು ಓಡಿಸುವ ಮೊದಲೇ, ಟೈರ್ ತಣ್ಣಗಿರುವಾಗ ಅಳೆದು ತುಂಬಿಸಿ. ಮೆತ್ತಗಿದ್ದರೆ ಹಿಡಿತ ಹೆಚ್ಚು ಎಂದು ಬೇಕೆಂದೇ ಗಾಳಿ ಕಡಿಮೆ ಇಡುವವರಿದ್ದಾರೆ. ಅದು ಮರಳಿಗೆ ಸರಿ, ಹಿಮದ ರಸ್ತೆಗೆ ಅಲ್ಲ.

ಪ್ರಶ್ನೆ: ಹಿಮ ಬಿದ್ದು ರಸ್ತೆ ಮುಚ್ಚಿ ಕಾರಿನೊಳಗೇ ರಾತ್ರಿ ಕಳೆಯಬೇಕಾದರೆ ಏನು ಮಾಡಬೇಕು? ಎಂಜಿನ್ ಓಡಿಸುತ್ತಲೇ ಇರಬಹುದೇ? ಕಾರಿನಲ್ಲಿ ಯಾವ ಸಾಮಾನು ಇರಬೇಕು?

ಉತ್ತರ: ಮೊದಲು ಕಾರು ಬಿಟ್ಟು ಇಳಿದು ನಡೆಯಬೇಡಿ, ಕಣ್ಣಳತೆಯಲ್ಲೇ ಮನೆ ಕಾಣುತ್ತಿದ್ದರೆ ಹೊರತು. ಬಿರುಗಾಳಿಯಲ್ಲಿ ಐವತ್ತು ಹೆಜ್ಜೆಗೇ ದಿಕ್ಕು ತಪ್ಪುತ್ತದೆ. ಹುಡುಕುವವರಿಗೂ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ. ಗಾಢ ಬಣ್ಣದ ಬಟ್ಟೆಯೊಂದನ್ನು ಆಂಟೆನಾಕ್ಕೋ ಕಿಟಕಿಯ ಅಂಚಿಗೋ ಕಟ್ಟಿ.

ಚಳಿಯಷ್ಟೇ ಅಪಾಯ ಚಳಿ ಕಾಯಿಸಲು ಓಡಿಸುವ ಎಂಜಿನ್‌ನಿಂದಲೂ ಇದೆ. ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತರೆ ಹೊಗೆ ಕಾರಿನ ಕೆಳಗೆ ಹರಡಿ ಒಳಗೆ ಸೇರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟು ಮೀರಿ ಗಟ್ಟಿಯಾಗಿ ಅಂಟುತ್ತದೆ. ತಲೆನೋವು, ವಾಕರಿಕೆ, ಆಮೇಲೆ ನಿದ್ದೆ ಬಂದಂತೆ. ಆ ನಿದ್ದೆಯಿಂದ ಏಳುವುದಿಲ್ಲ.

ಹಾಗಾಗಿ ಕ್ರಮ ಹೀಗೆ: ಗಂಟೆಗೆ ಹತ್ತು ನಿಮಿಷ ಎಂಜಿನ್. ಪ್ರತಿ ಸಲವೂ ಸ್ಟಾರ್ಟ್ ಮಾಡುವ ಮೊದಲು ಇಳಿದು ಸೈಲೆನ್ಸರ್ ಬಾಯಿಯ ಸುತ್ತ ಮೊಳದಗಲ ಹಿಮ ಸರಿಸಿ. ಹಿಂದಿನ ಗಂಟೆ ಸರಿಸಿದ್ದೆನಲ್ಲ ಎಂಬ ಲೆಕ್ಕ ಗಾಳಿಯಲ್ಲಿ ನಡೆಯದು. ಗಾಳಿ ಬಂದು ಬಡಿಯುವ ಬದಿಯದ್ದಲ್ಲ, ಇನ್ನೊಂದು ಬದಿಯ ಕಿಟಕಿಯನ್ನು ಎರಡು ಬೆರಳಿನಷ್ಟು ಇಳಿಸಿ. ಎಂಜಿನ್ ಓಡುವಾಗಲೇ ಫೋನ್ ಚಾರ್ಜ್ ಮಾಡಿ, ಒಳದೀಪ ಹಚ್ಚಿ. ನಿಂತಲ್ಲೇ ಓಡುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಹೆಚ್ಚೆಂದರೆ ಒಂದು ಲೀಟರ್ ಕುಡಿಯುತ್ತದೆ. ಗಂಟೆಗೆ ಹತ್ತು ನಿಮಿಷದ ಲೆಕ್ಕದಲ್ಲಿ ಇಡೀ ದಿನಕ್ಕೆ ನಾಲ್ಕು ಲೀಟರ್. ಚಳಿಗಾಲದಲ್ಲಿ ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಇಳಿಯಬಾರದು ಎನ್ನುವುದು ಈ ಲೆಕ್ಕಕ್ಕೆ.

ಡಬ್ಬದೊಳಗೆ ಮೇಣದಬತ್ತಿ ಹಚ್ಚಿಟ್ಟುಕೊಳ್ಳಿ ಎಂಬ ಸಲಹೆ ತುಂಬ ಓಡಾಡುತ್ತದೆ. ಸೀಟಿನ ಬಟ್ಟೆ, ಕಂಬಳಿ, ಅರೆನಿದ್ದೆಯ ಮನುಷ್ಯ, ನಡುವೆ ಬೆಂಕಿ, ನಮಗದು ಒಪ್ಪಿಗೆಯಿಲ್ಲ. ಅದರ ಬದಲು ತಲೆಗೊಂದರಂತೆ ಸ್ಲೀಪಿಂಗ್ ಬ್ಯಾಗ್ ಅಥವಾ ಉಣ್ಣೆಯ ಕಂಬಳಿ ಇಡಿ. ಕೈಕಾಲು ಆಡಿಸುತ್ತಿರಿ, ಬೆವರುವಷ್ಟಲ್ಲ. ಹಿಮವನ್ನು ಹಾಗೇ ತಿನ್ನಬೇಡಿ. ಅದನ್ನು ಕರಗಿಸಲು ಮೈಯ ಬಿಸಿಯೇ ಖರ್ಚಾಗುತ್ತದೆ.

ಸಾಮಾನಿನಲ್ಲಿ ಮುಖ್ಯವಾದದ್ದು ಯಾವುದು ಎನ್ನುವುದಕ್ಕಿಂತ ಎಲ್ಲಿಡುತ್ತೀರಿ ಎನ್ನುವುದು. ಸಲಿಕೆ, ಗಾಜು ಕೆರೆಯುವ ಸ್ಕ್ರೇಪರ್, ಕಂಬಳಿ, ಟಾರ್ಚ್ ಡಿಕ್ಕಿಯಲ್ಲಿದ್ದು ಡಿಕ್ಕಿಯ ಬಾಗಿಲೇ ಹೆಪ್ಪುಗಟ್ಟಿದರೆ ಅವು ಇದ್ದೂ ಇಲ್ಲದಂತೆ. ಅವು ನಾಲ್ಕೂ ಸೀಟಿನ ಹತ್ತಿರ ಇರಲಿ. ಜಂಪ್ ಕೇಬಲ್, ಎಳೆಯುವ ಹಗ್ಗ, ತ್ರಿಕೋನದ ಎಚ್ಚರಿಕೆ ಫಲಕ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಹತ್ತು ಕಿಲೋ ಒಣ ಮರಳು ಹಿಂದೆ ಇರಲಿ. ಟಾರ್ಚಿಗೆ ಲಿಥಿಯಂ ಸೆಲ್ ಹಾಕಿ, ಮೈನಸ್ 40ರಲ್ಲೂ ಕೆಲಸ ಮಾಡುತ್ತದೆ. ಆಲ್ಕಲೈನ್ ಸೆಲ್ ಮೈನಸ್ 20ರ ಹೊತ್ತಿಗೆ ಸೋಲುತ್ತದೆ. ನೀರಿನ ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿ. ಬೇಯಿಸದೆ ತಿನ್ನಬಹುದಾದ ತಿಂಡಿ ಗಟ್ಟಿಯಾದರೂ ಕಚ್ಚಲು ಬರುವಂಥದ್ದಾಗಿರಲಿ.

ಪ್ರಶ್ನೆ: ನಮ್ಮದು ಎಲೆಕ್ಟ್ರಿಕ್ ಕಾರು. ಹೀಗೆ ಸಿಕ್ಕಿಕೊಂಡರೆ?

ಉತ್ತರ: ಹೊಗೆಯ ಭಯವಿಲ್ಲ. 60 ಕಿಲೋವ್ಯಾಟ್-ಅವರ್ ಬ್ಯಾಟರಿ ಅರ್ಧ ಇದ್ದರೆ 30 ಉಳಿದಿರುತ್ತದೆ. ಒಳಗನ್ನು ಬೆಚ್ಚಗಿಡಲು ಸರಾಸರಿ ಒಂದೂವರೆ ಕಿಲೋವ್ಯಾಟ್ ಹಿಡಿದರೆ 20 ಗಂಟೆ. ಮೈನಸ್ 20ರಲ್ಲಿ ಇದು ಅರ್ಧಕ್ಕೆ ಇಳಿಯಬಹುದು. ಗಾಳಿಯ ಹೀಟರ್ ತಗ್ಗಿಸಿ ಸೀಟ್ ಹೀಟರ್ ಬಳಸಿದರೆ ತುಂಬ ಉಳಿಯುತ್ತದೆ. ಚಾರ್ಜರ್‌ಗೆ ಸಿಕ್ಕಿಸಿರುವಾಗಲೇ ಕಾರಿನ ಒಳಗನ್ನೂ ಬ್ಯಾಟರಿಯನ್ನೂ ಬಿಸಿ ಮಾಡಿಕೊಂಡು ಹೊರಡಿ. ಚಳಿಯಲ್ಲಿ ಓಡುವ ದೂರ 20ರಿಂದ 40 ಶೇಕಡಾ ಕಡಿಮೆಯಾಗುವುದನ್ನು ಮೊದಲೇ ಕಳೆದು ಪ್ರಯಾಣದ ಲೆಕ್ಕ ಹಾಕಿ.

ಪ್ರಶ್ನೆ: ಅಡುಗೆಮನೆಯ ಸಿಂಕಿನ ಪೈಪ್ ಹೋದ ವರ್ಷ ಒಡೆದು ಮನೆಯೆಲ್ಲ ನೀರಾಯಿತು. ಒಡೆದ ಜಾಗ ಹೆಪ್ಪುಗಟ್ಟಿದ ಜಾಗದಲ್ಲಿರಲಿಲ್ಲ. ಹೇಗೆ? ಈ ವರ್ಷ ತಡೆಯುವುದು ಹೇಗೆ?

ಉತ್ತರ: ನೀವು ಗಮನಿಸಿದ್ದು ಸರಿಯಾಗಿದೆ. ನೀರು ಮಂಜುಗಡ್ಡೆಯಾಗುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ. ಹೊರಗೋಡೆಯ ಹತ್ತಿರ ಬಿರಡೆಯಂತೆ ಕೂತ ಗಡ್ಡೆ ಬೆಳೆಯುತ್ತಾ ಮುಂದಿರುವ ನೀರನ್ನು ಒತ್ತುತ್ತದೆ. ಆ ಕಡೆ ನಲ್ಲಿ ಮುಚ್ಚಿದೆ, ನೀರಿಗೆ ಹೋಗಲು ಜಾಗವಿಲ್ಲ. ಗಡ್ಡೆಗೂ ನಲ್ಲಿಗೂ ನಡುವೆ ಎಲ್ಲಿ ದುರ್ಬಲವೋ ಅಲ್ಲಿ ಸೀಳುತ್ತದೆ. ಕೊರೆಯುವ ರಾತ್ರಿ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎನ್ನುವುದು ಇದಕ್ಕೇ: ಹರಿವು ಹೆಪ್ಪುಗಟ್ಟುವುದನ್ನು ತಡಮಾಡುತ್ತದೆ, ಹೆಪ್ಪುಗಟ್ಟಿದರೂ ಒತ್ತಡಕ್ಕೆ ಬಾಯಿ ತೆರೆದಿರುತ್ತದೆ. ಬಿಸಿನೀರು, ತಣ್ಣೀರು ಎರಡೂ ಕಡೆಯಿಂದ ಹನಿಯಲಿ. ಬಿಸಿನೀರಿನ ಪೈಪಿಗೂ ರಾತ್ರಿ ಬಿಸಿಯಿರುವುದಿಲ್ಲ.

ಹೊರಗೆ ಮೈನಸ್ 6, 7ಕ್ಕೆ ಇಳಿಯುವ ಸೂಚನೆ ಸಿಕ್ಕಾಗ ಸಿಂಕ್ ಕೆಳಗಿನ ಕಪಾಟಿನ ಬಾಗಿಲು ತೆರೆದಿಡಿ, ಕೋಣೆಯ ಬಿಸಿ ಪೈಪಿನವರೆಗೆ ಹೋಗಲಿ. ಅಲ್ಲಿ ಕೂತು ಟಾರ್ಚ್ ಹಿಡಿದು, ಪೈಪ್ ಗೋಡೆಯೊಳಗೆ ಹೋಗುವ ತೂತಿನ ಸುತ್ತ ಕೈ ಇಡಿ. ತಣ್ಣನೆಯ ಗಾಳಿ ಬೆರಳಿಗೆ ತಾಗಿದರೆ ಅದೇ ನಿಮ್ಮ ಶತ್ರು. ಹೋದ ವರ್ಷದ ಗಡ್ಡೆ ಅಲ್ಲೇ ಕೂತಿರಬಹುದು. ಮೊದಲು ಆ ಸಂದು ಫೋಮಿನಿಂದ ಮುಚ್ಚಿ, ಆಮೇಲೆ ಪೈಪಿಗೆ ಫೋಮ್ ತೋಳು ಹಾಕಿ. ಸಂದು ಬಿಟ್ಟು ತೋಳು ಮಾತ್ರ ಹಾಕಿದರೆ ಪ್ರಯೋಜನ ಕಡಿಮೆ, ಏಕೆಂದರೆ ತೋಳು ಬಿಸಿ ಕೊಡುವುದಿಲ್ಲ, ಇರುವ ಬಿಸಿ ಹೋಗುವುದನ್ನು ನಿಧಾನ ಮಾಡುತ್ತದೆ ಅಷ್ಟೆ.

ತೋಟದ ನಲ್ಲಿಗೆ ಸಿಕ್ಕಿಸಿದ ರಬ್ಬರ್ ಪೈಪನ್ನು ಬಿಚ್ಚಿಡಿ, ಒಳಗಿನ ವಾಲ್ವ್ ಮುಚ್ಚಿ, ಹೊರಗಿನ ನಲ್ಲಿ ತೆರೆದು ಬರಿದಾಗಲು ಬಿಡಿ. ಇಡೀ ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಎಂದು ಮನೆಯ ಎಲ್ಲರಿಗೂ ಗೊತ್ತಿರಲಿ. ಈಗಲೇ ಒಮ್ಮೆ ಮುಚ್ಚಿ ತೆರೆದು ನೋಡಿ. ಹಳೆಯ ಗೇಟ್‌ವಾಲ್ವ್ ವರ್ಷಗಟ್ಟಲೆ ಮುಟ್ಟದಿದ್ದರೆ ಬೇಕಾದ ದಿನ ಅಲುಗುವುದಿಲ್ಲ.

ಆದರೂ ಹೆಪ್ಪುಗಟ್ಟಿತೆನ್ನಿ. ನಲ್ಲಿ ತೆರೆದಿಡಿ; ಹೇರ್ ಡ್ರೈಯರ್ ಹಿಡಿದು ನಲ್ಲಿಯ ಕಡೆಯಿಂದ ಶುರುಮಾಡಿ ಗಡ್ಡೆಯತ್ತ ಹೋಗಿ, ಕರಗಿದ ನೀರಿಗೆ ಹೊರಬರಲು ದಾರಿಯಿರಲಿ. ಬೆಂಕಿಯ ಟಾರ್ಚ್ ಬೇಡವೇ ಬೇಡ, ಗೋಡೆಯೊಳಗಿನ ಮರಕ್ಕೆ ಕಿಡಿ ತಾಗಿದ್ದು ಕಾಣುವುದಿಲ್ಲ. ಪೈಪ್ ಆಗಲೇ ಸೀಳಿದ್ದರೆ ಗಡ್ಡೆ ಕರಗಿದ ಮೇಲೆಯೇ ನೀರು ನುಗ್ಗುವುದು. ಆದ್ದರಿಂದ ಕರಗಿಸುವಾಗ ಒಬ್ಬರು ಮುಖ್ಯ ವಾಲ್ವ್ ಹತ್ತಿರ ನಿಂತಿರಲಿ. ಪ್ರವಾಸ ಹೋಗುವಾಗ ಹೀಟಿಂಗ್ ಪೂರ್ತಿ ಆರಿಸದೆ 13 ಡಿಗ್ರಿಗಾದರೂ ಇಟ್ಟು, ಮುಖ್ಯ ವಾಲ್ವ್ ಮುಚ್ಚಿ ಹೊರಡಿ.

ಪ್ರಶ್ನೆ: ಎರಡು ದಿನ ಕರೆಂಟ್ ಹೋದರೆ ಇನ್ವರ್ಟರ್ ಸಾಕೇ, ಜನರೇಟರ್ ಬೇಕೇ? ನಮ್ಮಲ್ಲಿರುವುದು 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿ.

ಉತ್ತರ: ಕಾಗದದ ಮೇಲೆ 1,800 ವ್ಯಾಟ್-ಅವರ್. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಆಯಸ್ಸು ಕಡಿಮೆಯಾಗುತ್ತದೆ, ಹಾಗಾಗಿ 900. ಇನ್ವರ್ಟರ್ ತಿನ್ನುವುದನ್ನು ಕಳೆದರೆ ಕೈಗೆ ಸಿಗುವುದು 760ರ ಸುಮಾರು. 1,500 ವ್ಯಾಟ್ ಹೀಟರ್ ಹಚ್ಚಿದರೆ ಅರ್ಧ ಗಂಟೆ. ಅದೇ ಮನೆ ಬಿಸಿಮಾಡುವ ಗ್ಯಾಸ್ ಫರ್ನೇಸಿನ 400 ವ್ಯಾಟ್ ಫ್ಯಾನ್ ಮೂರು ನಿಮಿಷಕ್ಕೊಂದು ನಿಮಿಷ ಓಡಿದರೆ ಐದೂವರೆ ಗಂಟೆಗೂ ಮೇಲೆ. ಅಂದರೆ ಬ್ಯಾಟರಿಯಿಂದ ಬಿಸಿ ಹುಟ್ಟಿಸಬೇಡಿ, ಬಿಸಿ ಸಾಗಿಸಿ. ಎರಡು ದಿನಕ್ಕೆ ಇದು ಸಾಲದು. ದಿನಕ್ಕೆ ಒಂದೆರಡು ಸಲ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿಕೊಳ್ಳುವುದು ಇಂಧನ ಉಳಿಸುವ ದಾರಿ.

ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರ, ಹೊಗೆ ಕಿಟಕಿಗೆ ಬೆನ್ನು ಮಾಡಿರಲಿ. ಗ್ಯಾರೇಜಿನ ಬಾಗಿಲು ತೆರೆದಿದೆ ಎಂಬುದು ನೆಪವಾಗದು. ಎರಡು ಕಡೆ ಪಿನ್ನಿರುವ ವೈರ್ ಮಾಡಿ ಗೋಡೆಯ ಸಾಕೆಟ್‌ಗೆ ಸಿಕ್ಕಿಸುವುದು ಕೊಲೆಗೆ ಸಮ: ಕರೆಂಟ್ ಹಿಂದಕ್ಕೆ ಹರಿದು ಲೈನ್ ಸರಿಮಾಡುತ್ತಿರುವವರಿಗೆ ತಾಗುತ್ತದೆ. ಮನೆಯನ್ನು ಹೊರಗಿನ ಲೈನಿನಿಂದ ಬಿಡಿಸಿ ಜನರೇಟರ್‌ಗೆ ಸೇರಿಸುವ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಇಲ್ಲವೇ ದಪ್ಪ ತಂತಿಯ ಎಕ್ಸ್‌ಟೆನ್ಷನ್‌ನಲ್ಲಿ ನೇರವಾಗಿ ಉಪಕರಣಕ್ಕೆ ಕೊಡಿ. ತಿಂಗಳಿಗೊಮ್ಮೆ ಇಪ್ಪತ್ತು ನಿಮಿಷ ಹೊರೆ ಹಾಕಿ ಓಡಿಸಿ. ಹಳಸಿದ ಪೆಟ್ರೋಲ್ ಕಾರ್ಬ್ಯುರೇಟರ್‌ನಲ್ಲಿ ಅಂಟಾಗಿ ಕೂತು, ಬೇಕಾದ ರಾತ್ರಿ ಹಗ್ಗ ಎಷ್ಟೆಳೆದರೂ ಹೊತ್ತಿಕೊಳ್ಳುವುದಿಲ್ಲ.

ಪ್ರಶ್ನೆ: ಹೊಗೆಯ ಅಲಾರಂ ಇದೆ. ಕಾರ್ಬನ್ ಮಾನಾಕ್ಸೈಡಿಗೆ ಬೇರೆಯೇ ಬೇಕೇ?

ಉತ್ತರ: ಬೇಕು, ಹೊಗೆಯದು ಕಣಗಳನ್ನು ಹಿಡಿಯುತ್ತದೆ, ಈ ಅನಿಲವನ್ನಲ್ಲ. ಪ್ರತಿ ಮಹಡಿಗೊಂದು, ಮಲಗುವ ಕೋಣೆಗಳ ಹೊರಗೆ, ಕರೆಂಟ್ ಇಲ್ಲದೆಯೂ ನಡೆಯುವಂತೆ ಬ್ಯಾಟರಿಯದ್ದು. ಹಿಂಬದಿಯ ತಾರೀಕು ನೋಡಿ, ಸೆನ್ಸರ್ ಮಾದರಿಗೆ ತಕ್ಕಂತೆ 5ರಿಂದ 10 ವರ್ಷಕ್ಕೆ ಸಾಯುತ್ತದೆ. ನಿಮಿಷಕ್ಕೊಮ್ಮೆ ಚಿಲಿಪಿಲಿ ಎಂದರೆ ಬ್ಯಾಟರಿ ಅಥವಾ ಆಯಸ್ಸು ಮುಗಿದಿದೆ. ಬಿಡದೆ ಬಡಿದುಕೊಂಡರೆ ಎಲ್ಲರೂ ಹೊರಗೆ, ಆಮೇಲೆ ಫೋನು. ಫರ್ನೇಸಿನ ಹೊಗೆಪೈಪ್ ಗೋಡೆಯಿಂದ ಹೊರಬರುವ ಜಾಗವನ್ನು ಹಿಮ ಬಿದ್ದಾಗಲೆಲ್ಲ ನೋಡಿ, ಮುಚ್ಚಿದ್ದರೆ ಸರಿಸಿ.

ಚುಟುಕು ಉತ್ತರಗಳು

*ಗಾಜಿನ ಮೇಲಿನ ಹಿಮಕ್ಕೆ ಬಿಸಿನೀರು?* ಬೇಡ, ಗಾಜು ಸೀಳುತ್ತದೆ. ಡಿಫ್ರಾಸ್ಟರ್ ಹಚ್ಚಿ ಸ್ಕ್ರೇಪರ್ ಹಿಡಿಯಿರಿ.

*ಕರೆಂಟ್ ಹೋದಾಗ ಫ್ರಿಜ್ ಎಷ್ಟು ಹೊತ್ತು?* ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ. ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24.

*ಕುಡಿಯುವ ನೀರು ಎಷ್ಟು ಕೂಡಿಡಬೇಕು?* ಕುಡಿಯಲು, ಅಡುಗೆಗೆ ಸೇರಿ ತಲೆಗೆ ದಿನಕ್ಕೆ ನಾಲ್ಕು ಲೀಟರ್, ಕನಿಷ್ಠ ಮೂರು ದಿನಕ್ಕೆ.

*ಡೀಸೆಲ್ ಕಾರಿಗೆ ಸ್ವಲ್ಪ ಪೆಟ್ರೋಲ್ ಬೆರೆಸಿದರೆ ಗಟ್ಟಿಯಾಗುವುದಿಲ್ಲವಂತೆ?* ಹಳೆಯ ಎಂಜಿನ್‌ಗಳ ಕಾಲದ ಮಾತು. ಈಗಿನ ಇಂಜೆಕ್ಷನ್ ಪಂಪಿಗೆ ಡೀಸೆಲ್ಲೇ ಎಣ್ಣೆ, ಪೆಟ್ರೋಲ್ ಬೆರೆತರೆ ಪಂಪ್ ಸವೆಯುತ್ತದೆ. ಚಳಿಗಾಲದ ಡೀಸೆಲ್ ತುಂಬಿಸಿ. ಚಳಿಗೆ ಡೀಸೆಲ್ ಮೇಣ ಕಟ್ಟಿದ ಮೇಲೆ ಯಾವ ದ್ರವ ಸುರಿದರೂ ತಡ, ಕಾರನ್ನು ಬೆಚ್ಚಗಿನ ಜಾಗಕ್ಕೆ ತಳ್ಳಬೇಕು.

*ಕೈಬ್ರೇಕ್ ಹಾಕಿಟ್ಟ ಕಾರು ಬೆಳಿಗ್ಗೆ ಅಲುಗುವುದಿಲ್ಲ.* ಕೇಬಲ್‌ನೊಳಗಿನ ನೀರು ಹೆಪ್ಪುಗಟ್ಟಿದೆ. ಸಮತಟ್ಟಾದ ಜಾಗದಲ್ಲಿ ಗೇರ್‌ನಲ್ಲಿ ಬಿಟ್ಟು, ಚಕ್ರಕ್ಕೆ ಅಡ್ಡ ಮರದ ತುಂಡು ಕೊಡಿ.